ಹೇಳಿ ಹೋದ ದಿನದ ರಕ್ತ

ಕಳೆದ ವಾರ ವಿಜಯಪುರದಿಂದ ಜತ್ತಕ್ಕೆ ಹೊರಟಿದ್ದ ಬಸ್ಸು ಮಹಾರಾಷ್ಟ್ರದ ಗಡಿ ದಾಟಿದ ಸ್ವಲ್ಪ ಹೊತ್ತಿಗೆ ರಸ್ತೆಯಲ್ಲೇ ನಿಂತುಬಿಟ್ಟಿತು. ಯಾರೋ ಕಾಳು ಬಿಡಿಸುವ ರಾಶಿ ಮಷೀನನ್ನು ಅರ್ಧ ರಸ್ತೆಗೆ ತಂದು ನಿಲ್ಲಿಸಿ ಜೋಳದ ತೆನೆ ಹಾಕುತ್ತಿದ್ದರು. ಡ್ರೈವರ್ ಹಾರನ್ ಹೊಡೆದ. ಮಷೀನಿನವರು ಕೈ ಎತ್ತಿ "ಆತು, ಆತು" ಎಂದರು. ಯಾರಿಗೂ ಅವಸರವಿದ್ದಂತೆ ಕಾಣಲಿಲ್ಲ. ಅಷ್ಟರಲ್ಲಿ ಗಾಳಿ ತಿರುಗಿ ಜೋಳದ ಸುಂಕು, ಅಂದರೆ ತೆನೆಯಿಂದ ಹಾರುವ ಆ ತುರಿಕೆಯ ಸಣ್ಣ ಧೂಳು, ಕಿಟಕಿಯಿಂದ ಒಳಗೆ ನುಗ್ಗಿತು. ಒಣ ವಾಸನೆ, ಅದರ ಹಿಂದೆಯೇ ಒಂದು ಸಣ್ಣ ಸಿಹಿ. ಬಸ್ಸಿನ ಮಂದಿಯೆಲ್ಲ ಸೆರಗು, ಟವೆಲ್ಲು ಮೂಗಿಗೆ ಹಿಡಿದರು. ನಾನೊಬ್ಬಳು ಕಿಟಕಿಗೆ ಮುಖ ಕೊಟ್ಟು ಉಸಿರೆಳೆದುಕೊಂಡೆ. ಪಕ್ಕದ ಹೆಂಗಸು, "ಏನ್ರಿ ಬಾಯಾರ, ತಲಿಗಿಲಿ ಕೆಟ್ಟೈತೇನ್ರಿ?" ಎಂದು ಕೇಳಿಯೇಬಿಟ್ಟಳು. ಕೆಟ್ಟಿತ್ತು, ಒಂದು ವರ್ಷ ಪೂರ್ತಿ ಕೆಟ್ಟಿತ್ತು. ಮಷೀನು ಸರಿದು ಬಸ್ಸು ಹೊರಟಿದ್ದರಿಂದ ಅವಳಿಗೆ ಹೇಳಲು ಆಗಲಿಲ್ಲ, ಇಲ್ಲಿ ಹೇಳುತ್ತೇನೆ.

ನಾನು ಲ್ಯಾಬ್ ಟೆಕ್ನಿಷಿಯನ್. ಹೆಸರು ಮಂಗಲಾ, ತವರು ಇಂಡಿಯ ಹತ್ತಿರದ ಒಂದು ಹಳ್ಳಿ. ರಕ್ತ ತೆಗೆಯುವುದು, ಗಾಜಿನ ಪಟ್ಟಿಯ ಮೇಲೆ ಅದನ್ನು ತೆಳುವಾಗಿ ಬಳಿಯುವುದು, ಬಣ್ಣ ಹಾಕುವುದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎಣಿಸುವುದು, ಇದೇ ನನ್ನ ಹೊಟ್ಟೆಪಾಡು. ಬಾಯಿ ಸ್ವಲ್ಪ ಜೋರು ಎನ್ನುತ್ತಾರೆ, ಇರಬಹುದು. ಅದಕ್ಕಿಂತ ಕೆಟ್ಟ ಚಾಳಿ ಇನ್ನೊಂದಿದೆ. ಯಾವುದಾದರೂ ಒಂದಕ್ಕೊಂದು ಹೊಂದದಿದ್ದರೆ ನಾನು ಬಿಡಲಾರೆ. ನೆರೆಮನೆಯ ನಾಯಿ ಇವತ್ತು ಯಾಕೆ ಬೊಗಳಲಿಲ್ಲ ಎಂಬುದಕ್ಕೂ ನನಗೆ ಕಾರಣ ಬೇಕು. ನನ್ನ ಗಂಡ ಈ ವಿಷಯದಲ್ಲಿ ನನಗೆ ಕೈಮುಗಿದು ಬಹಳ ದಿನವಾಯಿತು.

ಕೆಲವು ವರ್ಷಗಳ ಹಿಂದೆ ಪುಣೆಯ ಒಂದು ವೈದ್ಯಕೀಯ ಕಾಲೇಜಿನವರು ಜತ್ತ ತಾಲೂಕಿನ ಹಳ್ಳಿಗಳಲ್ಲಿ ಮಕ್ಕಳ ದಮ್ಮಿನ ಬಗ್ಗೆ ಸಂಶೋಧನೆ ಮಾಡಲು ಹೊರಟಿದ್ದರು. ನಮ್ಮ ಕಡೆ ಅಸ್ತಮಾಕ್ಕೆ ದಮ್ಮು ಎಂದೇ ಹೆಸರು. ಅವರಿಗೆ ಕನ್ನಡ, ಮರಾಠಿ ಎರಡೂ ಬರುವ ಟೆಕ್ನಿಷಿಯನ್ ಬೇಕಾಗಿತ್ತು. ಅವರು ಹಿಡಿದಿದ್ದ ಪ್ರಶ್ನೆ ಕೇಳಿಯೇ ನಾನು ಒಪ್ಪಿಕೊಂಡೆ. ದಮ್ಮು ಏಳುವುದು ಎದೆಯಲ್ಲಿ. ಆದರೆ ಅದು ಏಳುವ ಮೊದಲೇ ರಕ್ತಕ್ಕೆ ಸುದ್ದಿ ಮುಟ್ಟಿರುತ್ತದೆಯೇ? ಮುಟ್ಟಿದ್ದರೆ ನಾವು ಅದನ್ನು ಓದಿಕೊಂಡು ಮಗುವಿಗೆ ಮುಂಚೆಯೇ ಔಷಧ ಕೊಡಬಹುದಲ್ಲ! ಹುಷಾರಾಗಿದ್ದ ದಿನ ಒಂದು ಸಲ, ದಮ್ಮು ಎದ್ದ ದಿನ ಒಂದು ಸಲ, ನಡುವೆ ತಿಂಗಳಿಗೊಮ್ಮೆ ರಕ್ತ ತೆಗೆದು ತಾಳೆ ಹಾಕುವುದು ಕೆಲಸ. ಕೆಲವನ್ನು ನಾನು ಜತ್ತದ ಬಾಡಿಗೆ ಕೋಣೆಯಲ್ಲೇ ನೋಡುತ್ತಿದ್ದೆ, ಉಳಿದವು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಪುಣೆಗೆ ಹೋಗುತ್ತಿದ್ದವು.

ನಾನು ನೋಡುತ್ತಿದ್ದುದರಲ್ಲಿ ಮುಖ್ಯವಾದದ್ದು ಇಯೋಸಿನೊಫಿಲ್ ಎಂಬ ಒಂದು ಜಾತಿಯ ಬಿಳಿ ರಕ್ತಕಣ. ಹೆಸರು ನಾಲಿಗೆಗೆ ತೊಡಕು, ಆದರೆ ಕಣ್ಣಿಗೆ ಹಬ್ಬ. ಬಣ್ಣ ಹಾಕಿದಾಗ ಅದರ ಹೊಟ್ಟೆ ತುಂಬ ಇರುವ ಸಣ್ಣ ಕಾಳುಗಳು ಅರಳಿ ಬಾಡುತ್ತಿರುವ ಕುಸುಬಿ ಹೂವಿನ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಅಲರ್ಜಿಯ ದಮ್ಮಿರುವ ಮಕ್ಕಳಲ್ಲಿ ಇವು ಹೆಚ್ಚು. ಹೊಟ್ಟೆಯಲ್ಲಿ ಜಂತಿದ್ದರೂ ಹೆಚ್ಚುತ್ತವೆ, ಅದಕ್ಕೆಂದೇ ಎಲ್ಲ ಮಕ್ಕಳಿಗೂ ಮೊದಲು ಜಂತಿನ ಗುಳಿಗೆ ಕೊಟ್ಟು ಮುಗಿಸಿದ್ದೆವು. ಇದರ ಜೊತೆಗೆ ಐಜಿಇ ಎಂಬ ಇನ್ನೊಂದು ಗುರುತು. ಯಾವುದೋ ಧೂಳನ್ನೋ ಹುಡಿಯನ್ನೋ ಮೈ ತನ್ನ ವೈರಿ ಎಂದು ತಿಳಿದುಕೊಂಡಿದ್ದರೆ ಅದು ರಕ್ತದಲ್ಲಿ ಏರಿರುತ್ತದೆ, ಒಂದೆರಡು ದಿನದಲ್ಲಿ ಇಳಿಯುವಂಥದ್ದಲ್ಲ.

ನಮ್ಮ ಡಾಕ್ಟರ್ ಮೇಡಂ ಸಾಂಗಲಿ ಕಡೆಯವರು, ಮಕ್ಕಳ ತಜ್ಞೆ. ಕನ್ನಡ ತಿಳಿಯುತ್ತಿತ್ತು, ಆಡಲು ಹೋದರೆ ಅಜ್ಜಂದಿರಿಗೆಲ್ಲ "ಬಾರೋ, ಕೂಡೋ" ಎಂದು ನಮ್ಮ ಮಾನ ತೆಗೆಯುತ್ತಿದ್ದರು. ಅಜ್ಜಂದಿರು ನಗುತ್ತಿದ್ದರು, ನಾನು ಜೀಪಿನ ಹಿಂದೆ ಹೋಗಿ ನಿಲ್ಲುತ್ತಿದ್ದೆ.

ಸುಜಾತಾ ನಮಗೆ ಸಿಕ್ಕದ್ದು ತಿಕೋಂಡಿಯಲ್ಲಿ, ದಸರಾ ಮುಗಿದ ಮೇಲೆ. ನಾಲ್ಕನೇ ಇಯತ್ತೆಯ ಹುಡುಗಿ. ಅವಳ ಅವ್ವ, ಅಪ್ಪ ಕಬ್ಬು ಕಡಿಯುವ ಟೋಳಿಯ ಜೊತೆ ಕೃಷ್ಣಾ ದಂಡೆಗೆ ಹೋಗಿಬಿಟ್ಟಿದ್ದರು, ಹೋಗುವ ಮೊದಲೇ ಸಂಶೋಧನೆಗೆ ಒಪ್ಪಿಗೆ ಕೊಟ್ಟಿದ್ದರು. ಹುಡುಗಿ ಇದ್ದದ್ದು ಆಯಿಯ, ಅಂದರೆ ಅಪ್ಪನ ತಾಯಿಯ ಹತ್ತಿರ. ಆಯಿಯ ಹೆಸರು ಶೇವಂತವ್ವ. ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ, ಎರಡಕ್ಕೂ ಅವತ್ತಿನ ಹೂವು, ಸಾರಿಸಿದ ನೆಲ. ಗೋಡೆಗೆ ಒರಗಿ ಸುಜಾತಾ ಕೂತಿದ್ದಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕೆಂಪು ರಿಬ್ಬನ್ನು, ಕಣ್ಣಿಗೆ ಕಾಡಿಗೆ, ಮಡಿಕೆ ಬಿಚ್ಚಿದ ಬಿಳಿ ಫ್ರಾಕು. ಮದುವೆಗೆ ಹೊರಟಂತಿದ್ದಳು. ಮೇಡಂ ಎದೆಗೆ ಸ್ಟೆತೊಸ್ಕೋಪ್ ಹಚ್ಚಿ ಬಹಳ ಹೊತ್ತು ಕೇಳಿದರು. ಶಿಳ್ಳೆ ಇಲ್ಲ, ಗೊರಗೊರ ಇಲ್ಲ, ಎದೆ ಸ್ವಚ್ಛ.

"ಇವಳಿಗೆ ದಮ್ಮಿದೆ ಅಂತ ಯಾರು ಹೇಳಿದರು?" ಎಂದು ಮೇಡಂ ಕೇಳಿದರು.

ಹೇಳಿದ್ದು ಊರಿನ ಆಶಾ ಕಾರ್ಯಕರ್ತೆ ಮಹಾನಂದಾ. ಹಳ್ಳಿಗೆ ನಾವು ಬರುವ ಹಿಂದಿನ ದಿನ ಮನೆಮನೆಗೆ ಹೋಗಿ ಸುದ್ದಿ ಮುಟ್ಟಿಸುವವಳೂ ಅವಳೇ. "ಭಾಳ ಐತ್ರಿ ಮೇಡಂ. ವಾರಗಟ್ಲೆ ಸಾಲಿಗೆ ಬರೂದಿಲ್ರಿ ಹುಡುಗಿ" ಎಂದಳು.

"ಏ ಮಹಾನಂದಾ, ಸುಮ್ಮ ಕುಂದ್ರು ಒಂದೀಟು" ಎಂದು ಶೇವಂತವ್ವ ಗದರಿದಳು. "ದಮ್ಮಿಲ್ಲ ಗಿಮ್ಮಿಲ್ಲರಿ. ತಂಪಿನಾಗ ಜರಾ ಕೆಮ್ಮ ಬರತೈತಿ, ಅಷ್ಟ. ಚಾ ಕುಡೀರಿ ಮೊದಲ."

ನಾನು ಸೂಜಿ ತೆಗೆದಾಗ ಹುಡುಗಿ ಅಳಲಿಲ್ಲ. ರಕ್ತ ಟ್ಯೂಬಿಗೆ ಇಳಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. "ಎಲ್ಲಿಗಿ ಒಯ್ಯತೀರಿ ಇದನ್ನ?" ಎಂದು ಕೇಳಿದಳು. ಜತ್ತಕ್ಕೆ, ಅಲ್ಲಿಂದ ಪುಣೆಗೆ ಎಂದೆ. "ನಾನಽ ಇನ್ನೂ ಪುಣೆ ನೋಡಿಲ್ಲ" ಎಂದು ಮುಖ ಸಣ್ಣದು ಮಾಡಿದಳು. ಅವತ್ತಿನಿಂದ ನಾನು ಅವಳಿಗೆ ಸೂಜಿ ಬಾಯಾರು.

ಜತ್ತಕ್ಕೆ ಬಂದು ಅವಳ ರಕ್ತ ಬಳಿದ ಗಾಜಿನ ಪಟ್ಟಿಯನ್ನು ನೋಡಿದೆ. ಕುಸುಬಿಯ ಬಣ್ಣದ ಕಣ ಒಂದೂ ಇಲ್ಲ. ಕಡಿಮೆ ಇದ್ದರೆ ಮಾತು ಬೇರೆ. ಹುಷಾರಾಗಿರುವ ಮಗುವಿನಲ್ಲೂ ಹುಡುಕಿದರೆ ಅಲ್ಲೊಂದು ಇಲ್ಲೊಂದು ಸಿಗುತ್ತದೆ. ಇವಳಲ್ಲಿ ಪಟ್ಟಿಯ ಈ ತುದಿಯಿಂದ ಆ ತುದಿಗೆ ಹೋದರೂ ಇಲ್ಲ. ಬಣ್ಣ ಕೆಟ್ಟಿತೇನೋ ಎಂದು ಹೊಸ ಬಣ್ಣ ಕಲೆಸಿದೆ. ನೀರು ಕೆಟ್ಟಿತೇನೋ ಎಂದು ಬೇರೆ ನೀರು ತಂದೆ. ಕೊನೆಗೆ ನನ್ನದೇ ಬೆರಳು ಚುಚ್ಚಿ, ನನ್ನ ರಕ್ತವನ್ನೂ ಅವಳ ರಕ್ತವನ್ನೂ ಅಕ್ಕಪಕ್ಕ ಇಟ್ಟು ಬಣ್ಣ ಹಾಕಿದೆ. ನನಗೆ ಬೆಳಿಗ್ಗೆ ಎದ್ದರೆ ಸೀನು, ನನ್ನ ಪಟ್ಟಿಯಲ್ಲಿ ಕಿತ್ತಳೆಯ ಕಣಗಳು ಚೆನ್ನಾಗಿಯೇ ಕಂಡವು. ಅವಳದು ಮತ್ತೆ ಖಾಲಿ. ಅದೇ ಹೊತ್ತಿಗೆ ಅವಳ ಐಜಿಇ ಬಂತು, ಹೌಹಾರುವಷ್ಟು ಮೇಲಿತ್ತು. ಮೈ ವೈರಿಯನ್ನು ಗುರುತಿಸಿ ಕೂಗುತ್ತಿದೆ, ಸಿಪಾಯಿಗಳು ಮಾತ್ರ ಒಬ್ಬರೂ ಇಲ್ಲ! ಇದೆಂಥ ತಮಾಷೆ?

ಮುಂದಿನ ತಿಂಗಳು ಹೋದೆವು. ಅದೇ ಬಿಳಿ ಫ್ರಾಕು, ಅದೇ ರಿಬ್ಬನ್ನು, ಸ್ವಚ್ಛ ಎದೆ, ಖಾಲಿ ರಕ್ತ. ಮೇಡಂ ಯೋಚನೆಗೆ ಬಿದ್ದರು. "ಇದು ನಾವು ಹುಡುಕುವ ಜಾತಿಯ ದಮ್ಮಲ್ಲವೇನೋ ಮಂಗಲಾ. ಈ ಹುಡುಗಿಯನ್ನು ಬಿಟ್ಟು ಬೇರೆಯವರನ್ನು ತೆಗೆದುಕೊಳ್ಳೋಣ" ಎಂದರು. ಬಿಡುವುದೆಂದರೆ ತಿಂಗಳಿಗೊಮ್ಮೆ ಅವಳ ಎದೆ ನೋಡುವವರು ಯಾರೂ ಇಲ್ಲ, ಔಷಧವೂ ಇಲ್ಲ ಎಂದರ್ಥ. ಮಹಾನಂದಾ ಸುಳ್ಳು ಹೇಳುವ ಹೆಂಗಸಲ್ಲ, ಐಜಿಇ ಅಂತೂ ಸುಳ್ಳು ಹೇಳಿರಲಿಲ್ಲ. "ಇನ್ನೊಂದು ಸಲ ನೋಡೋಣ್ರಿ ಮೇಡಂ" ಎಂದು ಗಂಟುಬಿದ್ದೆ. ಅವರಿಗೂ ನನ್ನ ಚಾಳಿ ಗೊತ್ತಾಗಿತ್ತು, ಸರಿ ಎಂದರು.

ಆ ಇನ್ನೊಂದು ಸಲ ನಾವು ಅಂದುಕೊಂಡ ದಿನ ಬರಲಿಲ್ಲ. ಆಚೆಯ ಊರಿನಲ್ಲಿ ಒಬ್ಬ ಹುಡುಗನಿಗೆ ದಮ್ಮು ಎದ್ದಿದೆ ಎಂದು ಫೋನ್ ಬಂದು ಮೇಡಂ, ನಾನು ಓಡಿದ್ದೆವು. ಕೆಲಸ ಮುಗಿಸಿ ತಿಕೋಂಡಿಯ ಮೇಲೆ ಬರುವಾಗ, ಶೇವಂತವ್ವನ ಮನೆಯಲ್ಲಿ ನೀರು ಕುಡಿದು ಹೋಗೋಣ ಎಂದೆ. ಯಾರಿಗೂ ಹೇಳಿ ಕಳಿಸಿರಲಿಲ್ಲ.

ಬಾಗಿಲು ತೆರೆದಿತ್ತು. ಸುಜಾತಾ ಕೆದರಿದ ತಲೆಯಲ್ಲಿ, ಹಳೆಯ ಸ್ವೆಟರ್ ಹಾಕಿಕೊಂಡು, ಮೊಣಕಾಲಿಗೆ ಕೈಯೂರಿ ಕೂತು ಕೆಮ್ಮುತ್ತಿದ್ದಳು. ಎದೆಯ ಶಿಳ್ಳೆ ಹೊಸ್ತಿಲಿಗೇ ಕೇಳುತ್ತಿತ್ತು. ನಮ್ಮನ್ನು ನೋಡಿ ಶೇವಂತವ್ವನಿಗೆ ಸಿಟ್ಟೇ ಬಂತು.

"ಹೇಳಿ ಬರಬಾರದೇನ್ರಿ? ನಾ ಇವತ್ತ ಕೂಸಿನ್ನ ತಯಾರಽ ಮಾಡಿಲ್ಲರಿ!"

"ಆಯಿ, ನಾವೇನ ಬೀಗರೇನ್ರಿ ಹೇಳಿ ಬರಾಕ?" ಎಂದೆ ನಾನು.

ಮೇಡಂ ಚೀಲದಿಂದ ಪಂಪು ತೆಗೆದರು. ಉಸಿರಿನ ಜೊತೆ ಎಳೆದುಕೊಳ್ಳುವ ಔಷಧ, ಅದರ ಮೂತಿಗೆ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಅದನ್ನು ಕಂಡದ್ದೇ ಶೇವಂತವ್ವ ಓಡಿಹೋಗಿ ಬಾಗಿಲು ಹಾಕಿದಳು, ಕಿಟಕಿಯನ್ನೂ ಹಾಕಿದಳು. ಒಂದಷ್ಟು ಹೊತ್ತಿಗೆ ಹುಡುಗಿಯ ಉಸಿರು ಹದಕ್ಕೆ ಬಂತು. ಈ ಪಂಪು ದಮ್ಮು ಎದ್ದಾಗ, ದಿನಾ ಹಾಕಲು ಇನ್ನೊಂದು ಬೇರೆ ಪಂಪನ್ನು ಕೊಡುತ್ತೇವೆ ಎಂದು ಮೇಡಂ ಹೇಳಿದರೆ ಆಯಿ ಕೈಯಲ್ಲಿ ಮುಟ್ಟಲೂ ಒಲ್ಲಳು.

"ಬಾಯಾರ, ಹೆಣ್ಣ ಕೂಸ್ರಿ ಇದು" ಎಂದು ದನಿ ತಗ್ಗಿಸಿ ನನಗೆ ಹೇಳಿದಳು. "ಒಮ್ಮಿ ದಮ್ಮಿನ ಹುಡುಗಿ ಅಂತ ಹೆಸರ ಬಿತ್ತಂದ್ರ ಮುಗೀತ್ರಿ. ನಾಳಿ ಯಾರ ಮಾಡಿಕೋತಾರ? ಅವರವ್ವ ನನ್ನ ಕೈಯಾಗ ಬಿಟ್ಟ ಹೋಗ್ಯಾಳ. ಆಕಿ ಬರೂದರಾಗ ಊರ ತುಂಬ ಹೆಸರ ಮಾಡಿ ಕುಂದರಲೇನ್ರಿ?"

ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು. ಆಯಿಯನ್ನು ಕೇಳಿ ಅವತ್ತಿನ ರಕ್ತ ತೆಗೆದುಕೊಂಡು ಜೀಪು ಹತ್ತಿದೆ.

ಆ ಪಟ್ಟಿಯನ್ನು ನೋಡಿದ ಘಳಿಗೆ ನನಗೆ ಚೆನ್ನಾಗಿ ನೆನಪಿದೆ. ಕಣ್ಣಿಟ್ಟಲ್ಲೆಲ್ಲ ಕಿತ್ತಳೆ. ಕುಸುಬಿಯ ಹೊಲವೇ ಅರಳಿತ್ತು. "ಮೇಡಂ, ಬರ್ರಿ ಇಲ್ಲೆ!" ಎಂದು ಹೇಗೆ ಕೂಗಿದೆನೆಂದರೆ ಪಕ್ಕದ ಅಂಗಡಿಯವನು ಹಾವು ಬಂತೆಂದು ಕೋಲು ಹಿಡಿದು ಬಂದ. ಮೇಡಂ ನೋಡಿದರು, ನಾನು ನೋಡಿದೆ, ಮತ್ತೆ ಅವರು ನೋಡಿದರು. ಒಂದೇ ಹುಡುಗಿ. ಹೇಳಿ ಹೋದ ದಿನ ಒಂದೂ ಇಲ್ಲ, ಹೇಳದೆ ಹೋದ ದಿನ ಇಷ್ಟು. ನಾವು ಬರುತ್ತೇವೆಂದು ಗೊತ್ತಾದರೆ ಅವಳ ರಕ್ತವೇ ಖಾಲಿಯಾಗುತ್ತದೆ! ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಮಾಸ್ತರು ಬಂದರೆಂದು ಮಕ್ಕಳು ಸುಮ್ಮನಾದದ್ದು ನೋಡಿದ್ದೆ, ರಕ್ತ ಸುಮ್ಮನಾದದ್ದು ನೋಡಿರಲಿಲ್ಲ.

ನಾಲ್ಕು ದಿನ ನನಗೆ ಬೇರೆ ಧ್ಯಾನವಿಲ್ಲ. ಬಿಸಿನೀರಿನ ಸ್ನಾನ ಮಾಡಿಸುತ್ತಾಳಲ್ಲ, ಅದರಿಂದಲೇ? ಎಣ್ಣೆಯಿಂದಲೇ? ಹೊರಗೆ ಬಿಡದೆ ಒಳಗೇ ಕೂಡಿಸಿ ಧೂಳು ತಪ್ಪಿಸುತ್ತಾಳೇನು? ಒಂದೊಂದನ್ನೂ ಮೇಡಂಗೆ ಒಪ್ಪಿಸಿದೆ. ಅವರು ಮೊದಲು ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು. "ಒಂದೂ ಇಲ್ಲದ ಹಾಗೆ ಮಾಡುವುದಕ್ಕೆ ಸ್ನಾನ ಸಾಲದು ಮಂಗಲಾ. ಆಯಿಯನ್ನು ಕೇಳಿ, ಬೈಯದೆ ಕೇಳಿ" ಎಂದರು. ಬೈಯದೆ ಎನ್ನುವುದನ್ನು ಒತ್ತಿ ಹೇಳಿದರು.

ಆ ತಿಂಗಳು ಮತ್ತೆ ಹೇಳಿಯೇ ಹೋದೆವು. ಬಿಳಿ ಫ್ರಾಕು ತಯಾರಿತ್ತು. ನಾನು ಆಯಿಯ ಜೊತೆ ಒಲೆಯ ಹತ್ತಿರ ಕೂತು, ಜೋಳ ಹಸನು ಮಾಡಲು ಕೈ ಹಚ್ಚಿ, ಅಲ್ಲಿ ಇಲ್ಲಿಯ ಮಾತಾಡಿ ಕೊನೆಗೆ ಕೇಳಿದೆ.

"ಆಯಿ, ಹುಡುಗಿ ಎಷ್ಟ ಚಂದ ಕಾಣತಾಳ ನೋಡ್ರಿ. ನಾವು ಬರೂ ದಿನ ಏನೇನ ತಯಾರಿ ಮಾಡತೀರಿ?"

ಶೇವಂತವ್ವನ ಮುಖ ಅರಳಿತು. "ಏನ ಮಾಡತೀನ್ರಿ ಬಡವರ ಮನ್ಯಾಗ? ಮಂದಿ ಬರ್ತಾರಂದ್ರ ಕೂಸು ನೆಟ್ಟಗ ಇರಬೇಕಲ್ಲರಿ. ಸುಡುಸುಡು ನೀರ ಹಾಕತೀನಿ. ಎಣ್ಣಿ ಹಚ್ಚಿ ತಲಿ ಹಿಕ್ಕತೀನಿ. ಫ್ರಾಕ ಹಾಕತೀನಿ. ಹಿಂದಿನ ದಿನ ಸಂಜಿಮುಂದ ಒಂದ ಚಿಟಿಕಿ ಪುಡಿ, ಮುಂಜಾನೆ ಎದ್ದಕೂಡ್ಲೆ ಒಂದ ಚಿಟಿಕಿ ಪುಡಿ, ಜೇನದಾಗ. ಅದ ಹೊಟ್ಟಿಗೆ ಬಿತ್ತಂದ್ರ ಕೆಮ್ಮಂಬೂದ ಗಪ್‌ಚಿಪ್!"

ನನ್ನ ಕೈಯಲ್ಲಿದ್ದ ಜೋಳ ಅಲ್ಲೇ ನಿಂತಿತು. "ಯಾವ ಪುಡಿ ಆಯಿ?"

ಆಯಿ ಮಾಡಿನ ಸಂದಿಯಿಂದ ಒಂದು ಪೊಟ್ಟಣ ತೆಗೆದು ತೋರಿಸಿದಳು. ಮಾಸಲು ಕಂದು ಪುಡಿ, ಜೇಷ್ಠಮಧುವಿನ ಹಾಗೆ ವಾಸನೆ. ಮೋಟಾರ್ ಸೈಕಲ್ಲಿನ ಮೇಲೆ ಸಂತೆಗೆ ಬರುವ ಒಬ್ಬ ಗಿಡಮೂಲಿಕೆಯವನು ಮಾರುತ್ತಿದ್ದನಂತೆ, ಎಲ್ಲಿಯವನೋ ಯಾರಿಗೂ ಗೊತ್ತಿಲ್ಲ. ನಾವು ಬಂದಾಗ ಅಷ್ಟೇ ಅಲ್ಲ, ನೆಂಟರು ಬಂದರೆ, ಮದುವೆಗೆ ಹೋಗುವುದಿದ್ದರೆ, ಶಾಲೆಯ ಗ್ಯಾದರಿಂಗಿಗೆ, ಬಾಬಾಸಾಹೇಬರ ಜಯಂತಿಯ ಮೆರವಣಿಗೆಗೆ, ಎಲ್ಲದಕ್ಕೂ ಪುಡಿ. ರಾಶಿಯ ಕಾಲಕ್ಕೆ ಅಂತೂ ದಿನಾ.

ಮೇಡಂ ಪೊಟ್ಟಣ ನೋಡಿದರು, ಆಮೇಲೆ ಸುಜಾತಾಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಗುಂಡನೆಯ ತುಂಬು ಗಲ್ಲ. ನಾನು ಅದನ್ನು ಆಯಿಯ ಆರೈಕೆ ಎಂದುಕೊಂಡಿದ್ದೆ. "ಇದರಲ್ಲಿ ಸ್ಟೀರಾಯ್ಡ್ ಇರಬೇಕು" ಎಂದು ಮೇಡಂ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಪುಡಿಯನ್ನು ಆಮೇಲೆ ತಪಾಸಣೆಗೆ ಕಳಿಸಿದಾಗ ಗೊತ್ತಾಯಿತು, ಇದ್ದದ್ದು ಅದೇ. ಗುಳಿಗೆಯನ್ನು ಕುಟ್ಟಿ ಸೊಪ್ಪಿನ ಪುಡಿಗೆ ಬೆರೆಸಿದ್ದರು. ಅದು ಹೊಟ್ಟೆಗೆ ಹೋದರೆ ಕೆಲವೇ ಗಂಟೆಗಳಲ್ಲಿ ಕುಸುಬಿಯ ಕಣಗಳು ರಕ್ತದಿಂದ ಮಾಯವಾಗುತ್ತವೆ, ಐಜಿಇ ಮಾತ್ರ ಇದ್ದಲ್ಲೇ ಇರುತ್ತದೆ. ನನ್ನ ಒಗಟು ಒಡೆದಿತ್ತು. ಖುಷಿ ಪಡಬೇಕೆಂದರೆ ಎದುರಿಗೆ ಆ ಗುಂಡು ಮುಖ ಇತ್ತು.

ಮೇಡಂ ವಿವರಿಸಿದರು, ನಾನು ಕನ್ನಡಕ್ಕೆ ತಂದೆ. ಡಾಕ್ಟರು ಕೊಡುವ ದಿನದ ಪಂಪಿನಲ್ಲೂ ಅದೇ ಜಾತಿಯ ಔಷಧವಿದೆ, ಆದರೆ ಕಣದಷ್ಟು, ನೇರ ಎದೆಗೆ. ಪುಡಿಯಲ್ಲಿ ಎಷ್ಟಿದೆ ಎನ್ನುವುದು ಮಾರುವವನಿಗೂ ಗೊತ್ತಿಲ್ಲ. ಮುಖ ಹೀಗೆ ಗುಂಡಗೆ ಊದುತ್ತದೆ, ಎಲುಬು ಸೊರಗುತ್ತದೆ, ಎತ್ತರ ನಿಲ್ಲುತ್ತದೆ. ಮೈ ತಾನೇ ಮಾಡಿಕೊಳ್ಳಬೇಕಾದ ರಸವನ್ನು ಮಾಡುವುದನ್ನೇ ಮರೆಯುತ್ತದೆ, ಹಾಗಾಗಿ ಒಮ್ಮೆಲೇ ನಿಲ್ಲಿಸಿದರೂ ಜೀವಕ್ಕೆ ಅಪಾಯ. ಅದಕ್ಕೆ ಅಳತೆಯ ಗುಳಿಗೆ ಕೊಟ್ಟು ಮೆಲ್ಲಗೆ ಇಳಿಸಬೇಕು, ಜೊತೆಗೆ ಪಂಪನ್ನು ದಿನಾ ಹಾಕಲೇಬೇಕು.

ಶೇವಂತವ್ವನ ಕಣ್ಣು ತುಂಬಿ ಬಂತು. "ನನ್ನ ಮೊಮ್ಮಗಳಿಗೆ ನಾನಽ ವಿಷಾ ಹಾಕೀನೇನ್ರಿ?"

"ನಿಮ್ಮ ತಪ್ಪಲ್ಲರಿ ಆಯಿ, ಮಾರಿದಾಂವಂದು" ಎಂದೆ. ಅವಳು ಪೊಟ್ಟಣ ಕೊಟ್ಟಳು, ಗುಳಿಗೆ ತೆಗೆದುಕೊಂಡಳು, ಪಂಪನ್ನೂ ಸೆರಗಿನಲ್ಲಿ ಸುತ್ತಿ ತೆಗೆದುಕೊಂಡಳು. ನಾವು ಗೆದ್ದೆವು ಎಂದುಕೊಂಡೆವು.

ಎಳ್ಳಮಾಸಿ ಹಬ್ಬ ಕಳೆದು, ತೆನೆಗೆ ಬಣ್ಣ ಬಂದು, ಚಳಿ ಸರಿದು ರಾಶಿಯ ಕಾಲ ಬಂತು. ಊರಿಂದ ಊರಿಗೆ ಮಷೀನು ತಿರುಗಲು ಶುರುವಾಯಿತು. ಸುಜಾತಾಳ ಗುಳಿಗೆ ಇಳಿಸುತ್ತಾ ಬಂದು ಮುಗಿದಿತ್ತು. ಆ ಸಲ ಹೋದಾಗ ಎದೆಯಲ್ಲಿ ಸಣ್ಣ ಶಿಳ್ಳೆ ಮಾತ್ರ ಇತ್ತು, ಆಟವಾಡಿಕೊಂಡೇ ಇದ್ದಳು. "ಪಂಪು ದಿನಾ ಹಾಕ್ತೀರಿ?" ಎಂದರು ಮೇಡಂ. "ಹಾಕತೀವ್ರಿ, ಹಾಕತೀವ್ರಿ" ಎಂದಳು ಆಯಿ. ಹುಡುಗಿ ನೆಲ ನೋಡಿದಳು.

ಸಂಜೆ ಪಟ್ಟಿಯಲ್ಲಿ ಕುಸುಬಿ ಮತ್ತೆ ಅರಳಿತ್ತು, ಮೊದಲಿನದಕ್ಕಿಂತ ದಟ್ಟ. ಪಂಪು ದಿನಾ ಎದೆಗೆ ಹೋಗುತ್ತಿದ್ದರೆ ಇಷ್ಟು ಇರುವುದು ಕಷ್ಟ. ಮೇಡಂ ಬಹಳ ಹೊತ್ತು ಸೂಕ್ಷ್ಮದರ್ಶಕ ಬಿಟ್ಟು ಏಳಲಿಲ್ಲ. "ಇದೇನು ಪಂಚಾಂಗ ಅಲ್ಲ ಮಂಗಲಾ, ಇಂಥ ದಿನವೇ ಏಳುತ್ತದೆ ಅಂತ ಹೇಳುವುದಕ್ಕೆ. ಆದರೆ ಇಷ್ಟು ಏರಿರುವಾಗ ಧೂಳು ಸಿಕ್ಕರೆ... ನಾಳೆ ಬೆಳಿಗ್ಗೆಯೇ ಹೋಗಿಬಿಡೋಣ. ಹೇಳಿ ಕಳಿಸಬೇಡಿ" ಎಂದರು.

ಬೆಳಿಗ್ಗೆ ತಿಕೋಂಡಿಗೆ ಮುಟ್ಟಿದಾಗ ಶೇವಂತವ್ವನ ಮನೆಯ ಮಗ್ಗುಲ ರಾಶಿ ಕಣದಲ್ಲೇ ಮಷೀನು ನಡೆದಿತ್ತು. ಜನವೋ ಜನ. ಸುಂಕು ಮೋಡದ ಹಾಗೆ ಎದ್ದು ಮನೆಯ ಮೇಲೆ ಕೂರುತ್ತಿತ್ತು. ಬಾಗಿಲು, ಕಿಟಕಿ ಮುಚ್ಚಿದ್ದವು. ಬಡಿದೆ. ತೆರೆಯಲಿಲ್ಲ. "ಆಯಿ, ನಾ ಮಂಗಲಾ, ಬಾಗಲಾ ತಗೀರಿ!" ಎಂದು ಗಂಟಲು ಹರಿಯುವಂತೆ ಕೂಗಿದ ಮೇಲೆ ಚಿಲಕ ಸರಿಯಿತು.

ಒಳಗೆ ಸುಜಾತಾ ಎರಡೂ ಕೈ ನೆಲಕ್ಕೆ ಊರಿ ಮುಂದಕ್ಕೆ ಬಾಗಿ ಕೂತಿದ್ದಳು. ಭುಜ ಏಳುತ್ತಿತ್ತು, ಇಳಿಯುತ್ತಿತ್ತು. ಪಕ್ಕೆಲುಬಿನ ಸಂದಿಯ ಚರ್ಮ ಒಳಗೆ ಸೇದಿಕೊಳ್ಳುತ್ತಿತ್ತು. ತುಟಿಯ ಬಣ್ಣ ಸರಿಯಿರಲಿಲ್ಲ. ನನ್ನನ್ನು ಕಂಡು ಏನೋ ಹೇಳಲು ಹೋದಳು. "ಬಾಯಾರ" ಎಂದಳು, ನಿಂತಳು. "ಉಸರ" ಎಂದಳು, ಮತ್ತೆ ನಿಂತಳು. ಮೂರನೆಯ ಮಾತು ಬರಲಿಲ್ಲ.

"ಪಂಪ ಎಲ್ಲೈತಿ?" ಎಂದು ನಾನು ಕಿರುಚಿದೆ. ಆಯಿ ಟ್ರಂಕಿನ ತಳದಿಂದ, ಮಡಚಿದ ಸೀರೆಗಳ ಕೆಳಗಿನಿಂದ ಅದನ್ನು ತೆಗೆದಳು. ಮೇಲಿನ ಪ್ಲಾಸ್ಟಿಕ್ಕನ್ನೂ ಹರಿದಿರಲಿಲ್ಲ. "ಮಂದಿ ನೋಡತಾರಂತ... ಸುಮ್ಮ ಅದರಾಗಽ ಇಟ್ಟಿದ್ದೆರಿ" ಎಂದು ಅಳತೊಡಗಿದಳು. ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನನ್ನ ಜೀವನದಲ್ಲಿ ಹಾಗೆ ನುಂಗಿಕೊಂಡದ್ದು ಬಹಳ ಕಡಿಮೆ.

ಮೇಡಂ ತಮ್ಮ ಚೀಲದ ಪಂಪನ್ನು ಡಬ್ಬಿಗೆ ಹಚ್ಚಿ ಮೇಲಿಂದ ಮೇಲೆ ಕೊಟ್ಟರು. ಸ್ವಲ್ಪ ಹಿಡಿತ ಸಿಕ್ಕಿತು, ಸಾಲಲಿಲ್ಲ. "ಆಕ್ಸಿಜನ್ ಬೇಕು, ಜತ್ತಕ್ಕೆ ಹೊರಡಬೇಕು, ಈಗಲೇ" ಎಂದರು. ಜೀಪು ನಿಂತಿದ್ದದ್ದು ಕಣದ ಆಚೆ. ನಡುವೆ ಆ ಮಷೀನು, ಆ ಧೂಳು, ಅರ್ಧ ಊರಿನ ಜನ. ಈ ಎದೆಯನ್ನು ಆ ಧೂಳಿನೊಳಗೆ ಹೊತ್ತೊಯ್ಯುವುದು ಹೇಗೆ? ನಾನು ಬಾಗಿಲ ತನಕ ಹೋಗಿ ಮಷೀನಿನವರಿಗೆ ಕೈ ಬೀಸಿದೆ. ಆ ಸದ್ದಿನಲ್ಲಿ ಯಾರೂ ಇತ್ತ ನೋಡಲಿಲ್ಲ.

ಆಗ ಶೇವಂತವ್ವ ನನ್ನನ್ನು ಸರಿಸಿ ಹೊರಗೆ ಬಂದಳು. ಸೆರಗು ಜಾರಿದ್ದನ್ನೂ ನೋಡಲಿಲ್ಲ. ನೇರ ಕಣದ ನಡುವೆ ಹೋಗಿ ತೆನೆ ಹಾಕುತ್ತಿದ್ದವನ ಕೈ ಹಿಡಿದು ಜಗ್ಗಿದಳು. ಆಮೇಲೆ ಊರೆಲ್ಲ ಕೇಳುವ ಹಾಗೆ ಕೂಗಿದಳು.

"ಬಂದ ಮಾಡ್ರೋ ಮಷೀನಾ! ನನ್ನ ಮೊಮ್ಮಗಳಿಗೆ ದಮ್ಮೈತ್ರೋ, ದಮ್ಮು! ನನ್ನ ಸುಜಿಗೆ ದಮ್ಮೈತಿ, ಬಂದ ಮಾಡ್ರೋ!"

ಮಷೀನು ನಿಂತಿತು. ಅಷ್ಟು ಹೊತ್ತಿನ ಸದ್ದು ಹೋಗಿ ಕಿವಿ ಗುಂಯ್ ಎಂದಿತು. ಹೆಂಗಸರು ಬುಟ್ಟಿ ಹಿಡಿದು ನಿಂತಲ್ಲೇ ನಿಂತರು. ಯಾರೋ ಒಬ್ಬರು ಕೊಡ ತಂದು ದಾರಿಗೆ ನೀರು ಚಿಮುಕಿಸಿದರು, ಇನ್ನೊಬ್ಬಳು ತೊಯ್ದ ಸೆರಗನ್ನು ಹುಡುಗಿಯ ಮೂಗಿನ ಮುಂದೆ ಹಿಡಿದುಕೊಂಡು ಜೀಪಿನ ತನಕ ಓಡಿಬಂದಳು. ಜೀಪು ಹೊರಡುವಾಗ ಅವಳೇ ಕಿಟಕಿಗೆ ಬಾಗಿ, "ಶೇವಂತಕ್ಕಾ, ನಮ್ಮ ಸಣ್ಣಾವಗೂ ಐತಿ, ನಾವೂ ಯಾರ ಮುಂದೂ ಆಡಿಲ್ಲ" ಎಂದಳು. ಆಯಿಗೆ ಅದು ಕೇಳಿಸಿತೋ ಇಲ್ಲವೋ, ಮೊಮ್ಮಗಳ ಬೆನ್ನು ನೀವುತ್ತಾ ಕೂತಿದ್ದಳು.

ಜತ್ತದ ದವಾಖಾನೆಯಲ್ಲಿ ಮೇಡಂ ಅವಳ ಪಕ್ಕ ಬಿಟ್ಟು ಕದಲಲಿಲ್ಲ. ಆ ಪುಡಿಯ ಕಥೆ ಗೊತ್ತಿದ್ದದ್ದರಿಂದ ಅವಳ ಮೈಗೆ ಬೇಕಾದ ರಸವನ್ನೂ ಸೂಜಿಯಲ್ಲಿ ಕೊಟ್ಟರು. ಗೊತ್ತಿರದಿದ್ದರೆ ಏನಾಗುತ್ತಿತ್ತೋ, ನಾನು ಅದನ್ನು ಯೋಚಿಸಲು ಹೋಗುವುದಿಲ್ಲ. ಕೆಲವು ದಿನಗಳಲ್ಲಿ ಹುಡುಗಿ ಎದ್ದು ಕೂತು ಬಿಸ್ಕೀಟು ಕೇಳಿದಳು. ಅವಳ ಅವ್ವ ಕಬ್ಬಿನ ಗದ್ದೆಯಿಂದ ಓಡಿಬಂದಳು. ಅತ್ತೆಯನ್ನು ಏನನ್ನುವಳೋ ಎಂದು ನನಗೆ ದಿಗಿಲಿತ್ತು. ಅವಳು ಪಂಪನ್ನು ಹೇಗೆ ಹಾಕಬೇಕೆಂದು ಅತ್ತೆಯಿಂದಲೇ ಕಲಿತಳು.

ಮಳೆಗಾಲ ಹಿಡಿಯುವ ಮೊದಲು ನಮ್ಮ ಕೆಲಸ ಮುಗಿಯಿತು. ಲೆಕ್ಕ ಹಾಕಲು ಕೂತಾಗ ಪುಣೆಯವರು ಸುಜಾತಾಳ ರಕ್ತವನ್ನು ಕೈಬಿಟ್ಟರು. ಗೊತ್ತಿಲ್ಲದ ಅಳತೆಯಲ್ಲಿ ಸ್ಟೀರಾಯ್ಡ್ ತಿಂದ ಮಗು, ಅವಳ ಅಂಕಿಗಳನ್ನು ಬೇರೆ ಮಕ್ಕಳ ಜೊತೆ ಕೂಡಿಸುವಂತಿಲ್ಲ. ನ್ಯಾಯವಾದದ್ದೇ. ನನಗೆ ಮಾತ್ರ ಹೊಟ್ಟೆ ಉರಿಯಿತು. ಇಡೀ ತಾಲೂಕಿನಲ್ಲಿ ನಾನು ಅತಿ ಹೆಚ್ಚು ನೋಡಿದ ರಕ್ತ ಅದು, ನನಗೆ ಅತಿ ಹೆಚ್ಚು ಕಲಿಸಿದ್ದೂ ಅದೇ. ಅದೇ ಲೆಕ್ಕಕ್ಕೆ ಇಲ್ಲ!

ಕೊನೆಯ ಸಲ ತಿಕೋಂಡಿಗೆ ಹೋದಾಗ ಬೀಳ್ಕೊಳ್ಳುವ ಮಾತಿನ ನಡುವೆ ಅವಳಿಗೆ ಅದನ್ನು ಹೇಳಿದೆ. ಮನೆಯ ಮುಂದೆ ಗೆಳತಿಯರ ಜೊತೆ ಕುಂಟಾಟ ಆಡುತ್ತಿದ್ದಳು, ತಲೆ ಕೆದರಿತ್ತು, ಕಾಲೆಲ್ಲ ಮಣ್ಣು. ಆಟ ಬಿಟ್ಟು ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಏನ್ರಿ ಸೂಜಿ ಬಾಯಾರ, ಈ ಕೈಗಿ ಚುಚ್ಚಿದ್ರಿ, ಆ ಕೈಗಿ ಚುಚ್ಚಿದ್ರಿ, ಅಳಬ್ಯಾಡ ಅಂದ್ರಿ, ಅಳಲಿಲ್ಲ, ಪುಣೆಕ್ಕ ಕಳಸತೀವಿ ಅಂದ್ರಿ, ನಾ ಸಾಲ್ಯಾಗ ಎಲ್ಲಾರಿಗೂ ನನ್ನ ರಕ್ತ ಪುಣೆಕ್ಕ ಹೋಗೈತಿ ಅಂತ ಹೇಳೀನಿ, ಈಗ ಬಂದು ಲೆಕ್ಕಕ್ಕಿಲ್ಲ ಅಂತೀರಿ? ಬ್ಯಾಡಾದ್ರ ನನ್ನ ರಕ್ತ ನನಗ ವಾಪಸ ಕೊಡ್ರಿ!"

ಅಷ್ಟನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ನಡುವೆ ಎಲ್ಲಿಯೂ ನಿಲ್ಲಲಿಲ್ಲ. ಹೊಸ್ತಿಲ ಮೇಲೆ ಕೂತಿದ್ದ ಶೇವಂತವ್ವ, "ಏ ಹುಡುಗಿ, ದೊಡ್ಡವರಿಗೆ ಹಂಗ..." ಎಂದು ಗದರಲು ಬಾಯಿ ತೆರೆದವಳು, ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಇನ್ನೊಮ್ಮೆ ಬೈಯವ್ವಾ" ಎಂದೆ ಹುಡುಗಿಗೆ. ಅವಳು ಮೊದಲಿನಿಂದ ಶುರು ಮಾಡಿದಳು.